ಬಿಳಿ ಏಳರಿಂದ ಬಿಳಿ ಐದಕ್ಕೆ

ದೊಡ್ಡಪ್ಪ ಭಾನುವಾರ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಲೇ ನನಗೆ ಫೋನ್ ಮಾಡುತ್ತಾರೆ. ಉಡುಪಿಯಲ್ಲಿ ಆಗ ಮಧ್ಯಾಹ್ನ ಒಂದೂವರೆ. ನಾನಿರುವ ಸ್ಟುಟ್‌ಗಾರ್ಟ್ ಕಡೆ ಚಳಿಗಾಲದ ಬೆಳಿಗ್ಗೆ ಒಂಬತ್ತು. ನಾನಿನ್ನೂ ಚರ್ಚಿಗೆ ಹೊರಟಿರುವುದಿಲ್ಲ, ಅವರಿಗೆ ಆರಾಧನೆ ಮುಗಿದು ಕೋಳಿ ಸುಕ್ಕವೂ ಮುಗಿದಿರುತ್ತದೆ. ಸಾಮಾನ್ಯವಾಗಿ ಯಾರಿಗೆ ಮದುವೆ, ಯಾರಿಗೆ ಮಂಡಿನೋವು ಅಷ್ಟರಲ್ಲೇ ಮಾತು ಮುಗಿಯುತ್ತದೆ. ಎರಡು ವರ್ಷದ ಹಿಂದೆ ಡಿಸೆಂಬರಿನ ಒಂದು ಭಾನುವಾರ ಮಾತ್ರ ಹಲೋ ಕೂಡ ಹೇಳಲಿಲ್ಲ.

‘ಇವತ್ತು ನಾನು ಹೋದದ್ದು ಚರ್ಚಿಗೋ ಆರ್ಕೆಸ್ಟ್ರಾಕ್ಕೋ ಮಾರಾಯ?’

ವಿಷಯ ಇಷ್ಟೇ. ಯೂತ್ ಹುಡುಗರು ಎರಡು ಗಿಟಾರ್, ಒಂದು ಕೀಬೋರ್ಡ್, ಒಂದು ಡ್ರಮ್ ಸೆಟ್ಟು ತಂದು ವೇದಿಕೆಯ ಪಕ್ಕ ಇಟ್ಟಿದ್ದಾರೆ. ಆಳೆತ್ತರದ ಎರಡು ಸ್ಪೀಕರ್ ಬೇರೆ. ದೊಡ್ಡಪ್ಪ ಕೂರುವುದು ಎಡಗಡೆ ಎರಡನೇ ಬೆಂಚು, ಸ್ಪೀಕರಿನ ನೇರಕ್ಕೆ. ನಲವತ್ತು ವರ್ಷ ಅದೇ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸಿದ ಮನುಷ್ಯ. ‘ದೇವರಿಗೆ ಕಿವಿ ಮಂದ ಅಂತ ಮಾಡಿದ್ದಾರಾ ಇವರು? ಹಾಡೆಲ್ಲ ಸಿನಿಮಾದ್ದೇ ಹಾಗೆ ಉಂಟು. ನಿಮ್ಮಲ್ಲಿ ಇಂಥದ್ದೆಲ್ಲ ಇರ್ಲಿಕ್ಕಿಲ್ಲ, ಅಲ್ವಾ? ಅಲ್ಲಿ ಎಲ್ಲ ಆರ್ಗನ್, ಶಿಸ್ತು.’

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಏಕೆಂದರೆ ಆ ದಿನ ನಮ್ಮ ಚರ್ಚಿನಲ್ಲೂ ಬ್ಯಾಂಡ್ ಇತ್ತು.

ನಾವು ಬಾಸೆಲ್ ಮಿಷನ್ ಕಡೆಯ ಪ್ರೊಟೆಸ್ಟೆಂಟರು. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ, ನೆರೆಮನೆಯ ಕೊಂಕಣಿ ಕ್ಯಾಥೊಲಿಕರ ಜೊತೆ ಮೂರೂ ಕಲಸಿದ ಒಂದು ಭಾಷೆ. 1834ರ ಅಕ್ಟೋಬರಿನಲ್ಲಿ ಬಾಸೆಲ್ ಮಿಷನ್ನಿನ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದಿಳಿದರು. ಆಮೇಲೆ ಬಂದವರಲ್ಲಿ ಎಷ್ಟೋ ಜನ ಈಗ ನಾನಿರುವ ಈ ವ್ಯುರ್ಟೆಂಬರ್ಗ್ ಸೀಮೆಯವರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ತಂದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಇಲ್ಲಿನ ಬ್ರಾಕನ್‌ಹೈಮ್‌ನಲ್ಲಿ, ತೀರಿಕೊಂಡದ್ದು ಎಸ್ಲಿಂಗನ್‌ನಲ್ಲಿ. ಎಸ್ಲಿಂಗನ್ ನನಗೆ ಲೋಕಲ್ ರೈಲಿನ ದಾರಿ. ಅವರು ಸುವಾರ್ತೆ ಹೊತ್ತು ನಮ್ಮೂರಿಗೆ ಹೋದರು, ನಾನು ಲ್ಯಾಪ್‌ಟಾಪ್ ಹೊತ್ತು ಅವರೂರಿಗೆ ಬಂದೆ. ಲೆಕ್ಕ ಚುಕ್ತಾ.

ಹಾಗಾಗಿ ಊರಲ್ಲಿ ಎಲ್ಲರಿಗೂ ಒಂದು ನಂಬಿಕೆ. ಚರ್ಚಿನ ಹಾಡು ಹೇಗಿರಬೇಕೋ ಹಾಗೆ ಉಳಿದಿದ್ದರೆ ಅದು ಜರ್ಮನಿಯಲ್ಲೇ ಅಂತ. ಈ ನಂಬಿಕೆಯನ್ನು ಒಡೆಯಲಿಕ್ಕೆ ನನಗೆ ಇಷ್ಟ ಇಲ್ಲ, ಆದರೆ ಇಲ್ಲಿ ಹದಿಮೂರು ವರ್ಷ ಇದ್ದು ಸುಳ್ಳು ಹೇಳುವುದು ಹೇಗೆ? ಇಲ್ಲಿ ಪಾಪ್ ಸಂಗೀತಕ್ಕೆ ಅಂತಲೇ ಚರ್ಚಿನವರು ಸಂಬಳ ಕೊಟ್ಟು ಇಟ್ಟುಕೊಳ್ಳುವ ಸಂಗೀತಗಾರರಿದ್ದಾರೆ, ಪಾಪ್‌ಕಾಂಟೋರ್ ಅಂತ ಹೆಸರು. ಸಂಬಳ ಎಲ್ಲಿಂದ ಅಂದರೆ ಜಾಸ್ತಿ ಭಾಗ ನಮ್ಮಂಥವರ ಚರ್ಚ್ ತೆರಿಗೆಯಿಂದ. ನಾನಿರುವ ರಾಜ್ಯದಲ್ಲಿ ಅದು ಆದಾಯ ತೆರಿಗೆಯ ಶೇಕಡಾ 8. ಸಂಬಳ ಬರುವಾಗಲೇ ಕಡಿದುಕೊಳ್ಳುತ್ತಾರೆ. ಊರಲ್ಲಿ ಕಾಣಿಕೆ ಚೀಲ ಹತ್ತಿರ ಬಂದಾಗ ಜೇಬು ತಡಕುವವರಿಗೆ ಇದನ್ನು ಹೇಳಿದರೆ ಒಂದು ವಾರ ನಿದ್ದೆ ಬರಲಿಕ್ಕಿಲ್ಲ.

ಇಲ್ಲಿನವರೂ ಈ ಜಗಳವನ್ನು ಆಡಿ ಮುಗಿಸಿದವರೇ. 1961ರಲ್ಲಿ ಟುಟ್ಸಿಂಗ್ ಎಂಬ ಊರಿನ ಚರ್ಚ್ ಅಕಾಡೆಮಿಯೊಂದು ಹೊಸ ರೀತಿಯ ಭಕ್ತಿಗೀತೆಗೆ ಸ್ಪರ್ಧೆ ಇಟ್ಟಿತು. ಜಾಝ್ ಬರಲಿ, ಲಘು ಸಂಗೀತ ಬರಲಿ, ಹಾಡು ಇವತ್ತಿನದ್ದಾಗಿರಲಿ ಅಂತ. ಮಾರ್ಟಿನ್ ಗೊಟ್‌ಹಾರ್ಡ್ ಶ್ನೈಡರ್ ಎಂಬವರ ಒಂದು ಹಾಡಿಗೆ ಮೊದಲ ಬಹುಮಾನ ಬಂತು. ಬೆಳಗಿಗೆ ವಂದನೆ, ಗೆಳೆಯರಿಗೆ ವಂದನೆ, ಕೆಲಸಕ್ಕೆ ವಂದನೆ ಅಂತ ಒಂದೇ ಸಮನೆ ಥ್ಯಾಂಕ್ಸ್ ಹೇಳುತ್ತಾ ಹೋಗುವ ಹಾಡು. 1963ರಲ್ಲಿ ಅದು ಸಿನಿಮಾ ಹಾಡು, ಪ್ರೇಮದ ಹಾಡುಗಳ ಜೊತೆ ಇಲ್ಲಿನ ಹಿಟ್ ಪಟ್ಟಿಗೇ ಏರಿತು. ಇದೇನು ಚರ್ಚಿನ ಹಾಡಾ ಜಾಹೀರಾತಾ ಅಂತ ಬೈದವರು ಕಡಿಮೆ ಅಲ್ಲ. ಈಗ ಅದು ಅಧಿಕೃತ ಹಾಡಿನ ಪುಸ್ತಕದಲ್ಲಿ 334ನೇ ನಂಬರು. ನಮ್ಮ ಚರ್ಚಿನಲ್ಲಿ ಯಾವುದಾದರೂ ಅಜ್ಜಿಗೆ ಎಂಬತ್ತು ತುಂಬಿದರೆ ಅವರು ಕೇಳಿ ಹಾಡಿಸುವುದು ಅದನ್ನೇ. ಅವರ ಮೊಮ್ಮಕ್ಕಳಿಗೆ ಅದು ಹಳೇ ಕಾಲದ ಬೋರು ಹಾಡು.

ದೊಡ್ಡಪ್ಪನಿಗೆ ಇದನ್ನು ಹೇಳಿದೆ. ‘ಅದು ಬೇರೆ’ ಅಂದರು. ವಾದದಲ್ಲಿ ಸಿಕ್ಕಿಬಿದ್ದಾಗ ನಮ್ಮ ಮನೆಯವರೆಲ್ಲ ಹೇಳುವ ಮಾತು ಅದು.

ಅವರನ್ನು ನಿಜವಾಗಿ ಕಂಗೆಡಿಸಿದ್ದು ಇನ್ನೊಂದು. ಶುಭ ಶುಕ್ರವಾರ ಅವರು ಕಣ್ಣು ಮುಚ್ಚಿಕೊಂಡು ನುಡಿಸುವ ಒಂದು ರಾಗ ಇದೆ. ಕ್ರಿಸ್ತನ ಗಾಯಗೊಂಡ ತಲೆಯನ್ನು ನೋಡುತ್ತಾ ಹಾಡುವ ಹಾಡು. ಅವರು ಆ ಹಾಡಿಗೆ ಬೆಲ್ಲೋಸ್ ಎಳೆಯುವ ರೀತಿಯೇ ಬೇರೆ, ಹಾರ್ಮೋನಿಯಂ ಉಸಿರಾಡಿದ ಹಾಗೆ ಕೇಳುತ್ತದೆ. ಚಿಕ್ಕವನಿದ್ದಾಗ ಆ ಹಾಡು ಬಂದರೆ ನನಗೆ ಅಳು ಬರುತ್ತಿತ್ತು, ಈಗಲೂ ಗಂಟಲು ಕಟ್ಟುತ್ತದೆ. ಆ ರಾಗವನ್ನು ಹಾನ್ಸ್ ಲಿಯೋ ಹಾಸ್ಲರ್ ಎಂಬವರು 1601ರಲ್ಲಿ ಅಚ್ಚು ಮಾಡಿದ್ದು ಒಂದು ಪ್ರೇಮಗೀತೆಗೆ. ಒಬ್ಬಳು ಹುಡುಗಿ ನನ್ನ ಮನಸ್ಸನ್ನು ಕಲಕಿಬಿಟ್ಟಳು ಅನ್ನುವ ಅರ್ಥದ ಹಾಡು. ಅಂದರೆ ಅದು ಆ ಕಾಲದ ಸಿನಿಮಾ ಹಾಡೇ. ಆಮೇಲೆ ಅದಕ್ಕೆ ಚರ್ಚಿನ ಮಾತು ಕೂರಿಸಿದರು, ಜರ್ಮನ್ ಸಂಗೀತಗಾರ ಬಾಖ್ ಯೇಸುವಿನ ಶ್ರಮೆಯ ಬಗ್ಗೆ ಬರೆದ ಸಂಗೀತದಲ್ಲಿ ಅದನ್ನು ಮತ್ತೆ ಮತ್ತೆ ತಂದ, ಪಾದ್ರಿಗಳ ಪುಸ್ತಕ ಹಿಡಿದು ಅದು ನಮ್ಮೂರಿಗೂ ಬಂತು.

ಫೋನಿನ ಆ ಕಡೆ ಬಹಳ ಹೊತ್ತು ಸದ್ದಿಲ್ಲ. ‘ಹೆಸರೆಂತ ಹುಡುಗಿಯದ್ದು?’ ಅಂತ ಕೇಳಿದರು ಕೊನೆಗೆ. ಆ ಹಾಡಿನ ಐದು ಚರಣಗಳ ಮೊದಲ ಅಕ್ಷರ ಸೇರಿಸಿದರೆ ಮರಿಯಾ ಅಂತ ಆಗುತ್ತದೆ. ಅದನ್ನು ಹೇಳಿದಾಗ ಅವರಿಗೆ ಸ್ವಲ್ಪ ಸಮಾಧಾನ ಆಯಿತು ಅಂತ ಕಾಣುತ್ತದೆ.

ಇಲ್ಲಿ ಹುಡುಗರ ಪರ ನಿಂತು ಒಂದು ಎಚ್ಚರಿಕೆಯನ್ನೂ ಹೇಳಬೇಕು. ಈ ಜಗಳ ಬಂದಾಗೆಲ್ಲ ಯೂತ್‌ನವರು ನಮ್ಮ ಪ್ರೊಟೆಸ್ಟೆಂಟ್ ಪಂಥಕ್ಕೆ ಮೂಲನಾದ ಮಾರ್ಟಿನ್ ಲೂಥರನನ್ನು ಎಳೆದು ತರುತ್ತಾರೆ. ಲೂಥರ್ ಹೆಂಡದಂಗಡಿಯ ಹಾಡುಗಳಿಗೇ ಭಕ್ತಿಗೀತೆ ಬರೆದನಂತೆ, ಒಳ್ಳೆಯ ರಾಗವೆಲ್ಲ ಸೈತಾನನಿಗೆ ಯಾಕೆ ಬಿಡಬೇಕು ಅಂದನಂತೆ. ಎರಡನೇ ಮಾತು ಲೂಥರನ ಬರಹದಲ್ಲಿ ಎಲ್ಲೂ ಇಲ್ಲ. ಮೊದಲನೆಯದು ಒಂದು ಪದದ ಎಡವಟ್ಟು. ಜರ್ಮನ್ ಹಾಡುಗಳ ಒಂದು ಕಟ್ಟಿಗೆ ‘ಬಾರ್’ ಅಂತ ಹೆಸರು. ಒಂದೇ ಧಾಟಿ ಎರಡು ಸಲ, ಆಮೇಲೆ ಬೇರೆ ಧಾಟಿ ಒಂದು ಸಲ ಬಂದರೆ ಅದು ಬಾರ್. ಕುಡಿಯುವ ಬಾರಿಗೂ ಅದಕ್ಕೂ ಸಂಬಂಧ ಇಲ್ಲ. ಮಕ್ಕಳಿಗಾಗಿ ಬರೆದ ಒಂದು ಕ್ರಿಸ್ಮಸ್ ಹಾಡಿಗೆ ಲೂಥರ್ 1535ರಲ್ಲಿ ಜನ ಹಾಡುತ್ತಿದ್ದ ಒಗಟಿನ ಹಾಡಿನ ರಾಗವನ್ನು ತೆಗೆದುಕೊಂಡದ್ದು ನಿಜ. 1539ಕ್ಕೆ ಆ ಹಾಡಿಗೆ ಹೊಸ ರಾಗ ಬಂತು ಅನ್ನುವುದೂ ಅಷ್ಟೇ ನಿಜ. ದೊಡ್ಡಪ್ಪನಿಗೂ ಹುಡುಗರಿಗೂ ಇಬ್ಬರಿಗೂ ಅದರಲ್ಲಿ ಬೇಕಾದ್ದು ಸಿಗುತ್ತದೆ.

ಜರ್ಮನಿಯಲ್ಲಿ ನನಗೆ ತಮಾಷೆ ಅನಿಸುವುದು ಬೇರೆ. ನಾನಿರುವ ರಾಜ್ಯದಲ್ಲಿ ಶುಭ ಶುಕ್ರವಾರ ಸಾರ್ವಜನಿಕವಾಗಿ ಕುಣಿಯುವುದಕ್ಕೆ ಕಾನೂನಿನಲ್ಲೇ ನಿಷೇಧ ಇದೆ. ಡಿಸ್ಕೋ ಇಲ್ಲ, ಡಾನ್ಸ್ ಪಾರ್ಟಿ ಇಲ್ಲ. ಹೌದು, 21ನೇ ಶತಮಾನದಲ್ಲಿ, ಜರ್ಮನಿಯಲ್ಲಿ. ಪ್ರತಿ ವರ್ಷ ಯಾರಾದರೂ ಇದನ್ನು ತೆಗೆಯಿರಿ ಅಂತ ಗಲಾಟೆ ಮಾಡುತ್ತಾರೆ. ಆ ದಿನ ಚರ್ಚಿಗೆ ಹೋದರೆ ನಾನೂರು ಜನ ಹಿಡಿಸುವ ಕಟ್ಟಡದಲ್ಲಿ ಮೂವತ್ತು ಜನ ಕೂತಿರುತ್ತಾರೆ, ಅದರಲ್ಲಿ ನಾನು ಮತ್ತು ಒಬ್ಬ ಘಾನಾದ ಗೆಳೆಯ ಇಬ್ಬರೇ ಐವತ್ತರ ಕೆಳಗಿನವರು. ಊರಲ್ಲಿ ಯಾವ ಕಾನೂನಿತ್ತು? ಅಜ್ಜಿ ಗುರುವಾರ ಸಂಜೆಯೇ ರೇಡಿಯೋದ ಮೇಲೆ ಒಂದು ಬಿಳಿ ಬಟ್ಟೆ ಹೊದಿಸುತ್ತಿದ್ದರು, ಹೆಣಕ್ಕೆ ಹೊದಿಸಿದ ಹಾಗೆ. ಭಾನುವಾರ ಬೆಳಿಗ್ಗೆಯವರೆಗೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಪಕ್ಕದ ಶೆಟ್ಟರ ಮನೆಯವರೂ ಆ ದಿನ ಟೇಪ್ ರೆಕಾರ್ಡರ್ ಮೆಲ್ಲ ಇಡುತ್ತಿದ್ದರು. ಯಾರೂ ಹೇಳಿದ್ದಲ್ಲ.

ಮಿಕ್ಕ ದಿನಗಳಲ್ಲಿ ಅಜ್ಜಿಯ ರೇಡಿಯೋಗೆ ಭೇದಭಾವ ಇರಲಿಲ್ಲ. ಡಿಸೆಂಬರ್ ಬಂದರೆ ಕ್ಯಾಸೆಟ್ಟು. ಕ್ರಿಸ್ಮಸ್ ತಿಂಡಿ ಕುಸ್ವಾರಿಗೆ ಹಿಟ್ಟು ನಾದುವಾಗ ಜಿಮ್ ರೀವ್ಸ್ ಹಾಡಲೇಬೇಕು. ಅಮೆರಿಕದ ಹಳ್ಳಿಗಾಡಿನ ಪ್ರೇಮದ ಹಾಡುಗಳ ಗಾಯಕ, 1963ರಲ್ಲಿ ಒಂದು ಕ್ರಿಸ್ಮಸ್ ರೆಕಾರ್ಡ್ ಮಾಡಿ ಮರುವರ್ಷವೇ ವಿಮಾನ ಬಿದ್ದು ಸತ್ತವನು. ಕರಾವಳಿಯ ಎಷ್ಟೋ ಮನೆಗಳಲ್ಲಿ ಅವನಿಗೆ ಸಾವಿಲ್ಲ. ರಾತ್ರಿ ಮನೆಮನೆಗೆ ಕ್ಯಾರಲ್ ಹಾಡಲು ಹೊರಡುವ ಹುಡುಗರಿಗೆ ಬೋನಿ ಎಂ ಅನ್ನುವ ಡಿಸ್ಕೋ ಗುಂಪು. ಇದು ಕ್ಯಾಥೊಲಿಕ್, ಇದು ಪ್ರೊಟೆಸ್ಟೆಂಟ್ ಅನ್ನುವ ಗಡಿ ಜಿಮ್ ರೀವ್ಸ್ ಮತ್ತು ಬೋನಿ ಎಂ ಮುಂದೆ ನಿಲ್ಲುತ್ತಿರಲಿಲ್ಲ.

ಬೋನಿ ಎಂ ಜರ್ಮನಿಯ ಸರಕು ಅಂತ ನನಗೆ ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ. ಹಾಡಿದ ಹೆಂಗಸರು ಕೆರಿಬಿಯನ್ ದ್ವೀಪಗಳ ಮೂಲದವರು, ಆದರೆ ಗುಂಪು ಕಟ್ಟಿ ರೆಕಾರ್ಡ್ ಮಾಡಿದವನು ಫ್ರಾಂಕ್ ಫಾರಿಯನ್ ಎಂಬ ಜರ್ಮನ್ ನಿರ್ಮಾಪಕ. ಆ ದಪ್ಪ ಗಂಡು ದನಿ ಇದೆಯಲ್ಲ, ವೇದಿಕೆಯಲ್ಲಿ ಕುಣಿಯುತ್ತಿದ್ದವನದ್ದಲ್ಲ ಅದು, ಸ್ಟುಡಿಯೋದಲ್ಲಿ ಫಾರಿಯನ್ನೇ ಹಾಡಿದ್ದು! 1978ರಲ್ಲಿ ಅವರು ಎತ್ತಿಕೊಂಡ ಬಾಬಿಲೋನಿನ ನದಿಗಳ ಹಾಡು ನಮ್ಮ ಬೈಬಲಿನ 137ನೇ ಕೀರ್ತನೆ. ಸೆರೆಹೋದವರು ಪರದೇಶದಲ್ಲಿ ಕೂತು, ನಮ್ಮ ದೇವರ ಹಾಡನ್ನು ಇಲ್ಲಿ ಹೇಗೆ ಹಾಡುವುದು ಅಂತ ಅಳುವುದು. ಅದನ್ನು 1970ರಲ್ಲಿ ಮೊದಲು ಹಾಡಾಗಿ ಕಟ್ಟಿದವರು ಜಮೈಕಾದ ರಸ್ತಫಾರಿ ಪಂಥದವರು, ಗುಲಾಮರಾಗಿ ಹೋದವರ ಮಕ್ಕಳು. ಅವರ ಹಾಡಿನಲ್ಲಿ ದೇವರಿಗೆ ಅವರದೇ ಹೆಸರಿತ್ತು, ಬೋನಿ ಎಂ ಅದನ್ನು ತೆಗೆದು ಬೈಬಲಿನ ಮಾತನ್ನೇ ವಾಪಸ್ ಹಾಕಿತು. ಆಮೇಲೆ ಡಿಸ್ಕೋದಲ್ಲಿ ಕುಣಿದರು. ಆ ಹಾಡಿಗೆ ಉಡುಪಿಯಲ್ಲಿ ಗೆಳೆಯನ ಮೆಹೆಂದಿಯ ದಿನ ನಾನೂ ಕುಣಿದಿದ್ದೇನೆ, ಡಿಜೆ ಹಾಕಿದ್ದ. ಇಲ್ಲಿ ಬಂದ ಮೊದಲ ಚಳಿಗಾಲದಲ್ಲಿ ಸೂಪರ್‌ಮಾರ್ಕೆಟಿನಲ್ಲಿ ಅಕ್ಕಿ ಹುಡುಕುವಾಗ ಅದೇ ಹಾಡು ಕೇಳಿಸಿತು. ಆ ದಿನ ಮಾತ್ರ ಪದಗಳು ಕಿವಿಗೆ ಬಿದ್ದವು. ಡಿಸ್ಕೋ ಹಾಡಿನೊಳಗೆ ಕೀರ್ತನೆ ಇಪ್ಪತ್ತು ವರ್ಷ ನನಗಾಗಿ ಕಾದು ಕೂತಿತ್ತು ಅನಿಸಿತು. ಅಕ್ಕಿ ಮರೆತು ಬಂದೆ.

ಇದಕ್ಕಿಂತ ದೊಡ್ಡ ಗಲಾಟೆ ಅಮೆರಿಕದ ಕರಿಯರ ಚರ್ಚುಗಳಲ್ಲಿ ಆಗಿಹೋಗಿದೆ. ಥಾಮಸ್ ಡಾರ್ಸಿ ಅಂತ ಒಬ್ಬರು, ಜಾರ್ಜಿಯಾದ ಪಾದ್ರಿಯ ಮಗ, ‘ಜಾರ್ಜಿಯಾ ಟಾಮ್’ ಅನ್ನುವ ಹೆಸರಿನಲ್ಲಿ ಪೋಲಿ ಬ್ಲೂಸ್ ನುಡಿಸಿ ಹೆಸರು ಮಾಡಿದವರು. ಆ ಬ್ಲೂಸ್ ಧಾಟಿಯನ್ನೇ ಅವರು ಚರ್ಚಿಗೆ ತಂದಾಗ ಎಷ್ಟೋ ಚರ್ಚುಗಳು ಬಾಗಿಲು ತೋರಿಸಿದವು. 1932ರಲ್ಲಿ ಅವರು ಬೇರೆ ಊರಲ್ಲಿ ಹಾಡಲು ಹೋಗಿದ್ದಾಗ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡರು, ಮಗುವೂ ಉಳಿಯಲಿಲ್ಲ. ಆ ದುಃಖದಲ್ಲಿ ಬರೆದ ಹಾಡನ್ನು 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಅಂತ್ಯಕ್ರಿಯೆಯಲ್ಲಿ ಮಹೇಲಿಯಾ ಜಾಕ್ಸನ್ ಹಾಡಿದರು. ಇಂದು ನಾವು ಗಾಸ್ಪೆಲ್ ಅನ್ನುವುದು ಆ ಬಾಗಿಲು ತೋರಿಸಿಕೊಂಡವರ ಸಂಗೀತವನ್ನು. ಉಲ್ಟಾ ದಾರಿಯಲ್ಲಿ ಹೋದವರಿಗೂ ಬೈಗುಳ ತಪ್ಪಲಿಲ್ಲ. ರೇ ಚಾರ್ಲ್ಸ್ 1954ರಲ್ಲಿ ಒಂದು ಗಾಸ್ಪೆಲ್ ಹಾಡಿನ ಧಾಟಿಗೆ ಹೆಣ್ಣಿನ ಬಗ್ಗೆ ಮಾತು ಕೂರಿಸಿ ಹಾಡಿದಾಗ, ಇದು ತಪ್ಪು ಅಂದವರಲ್ಲಿ ಒಬ್ಬ ಹಿರಿಯ ಬ್ಲೂಸ್ ಗಾಯಕನೂ ಇದ್ದ. ಪಾದ್ರಿ ಬೈದರೆ ಸರಿ, ಬ್ಲೂಸಿನವನೂ ಬೈಯಬೇಕಾ?

ನಮ್ಮ ನೆರೆಯ ಕ್ಯಾಥೊಲಿಕರದ್ದು ಇನ್ನೂ ಉದ್ದದ ಕತೆ. ಅವರ ಹಿರಿಯರು ಗೋವಾದಿಂದ ಬಂದವರು. ಗೋವಾದಲ್ಲಿ ಇಂಕ್ವಿಸಿಷನ್ ಅನ್ನುವ ಚರ್ಚಿನ ವಿಚಾರಣಾ ಮಂಡಳಿ 1736ರಲ್ಲಿ ಹೊರಡಿಸಿದ ಆಜ್ಞೆಯಲ್ಲಿ ಮದುವೆಯ ವೊವಿಯೊ ಹಾಡುಗಳಿಗೂ ನಿಷೇಧ ಇತ್ತು. ಆದರೂ ಮಂಗಳೂರು, ಉಡುಪಿ ಕಡೆ ಮದುವೆಗೆ ಮುಂಚಿನ ರೋಸ್ ಶಾಸ್ತ್ರದಲ್ಲಿ ಮದುಮಗಳಿಗೆ ತೆಂಗಿನ ಹಾಲು ಹಚ್ಚುವಾಗ ಹಿರಿಯ ಹೆಂಗಸರು ವೊವಿಯೊ ಹಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಪಕ್ಕದಲ್ಲಿ ಒಬ್ಬ ಮುದುಕ ಗುಮಟೆ ಬಡಿಯುತ್ತಿದ್ದ. ಮಣ್ಣಿನ ಮಡಕೆಗೆ ಮೊದಲು ಉಡದ ಚರ್ಮ ಕಟ್ಟುತ್ತಿದ್ದರು, ಈಗ ಕಾನೂನು ಬಿಡುವುದಿಲ್ಲ, ಆಡಿನ ಚರ್ಮ. ರೋಮ್ ಕೂಡ ಒಂದೇ ಕಡೆ ನಿಂತದ್ದಲ್ಲ. 1903ರಲ್ಲಿ ಹತ್ತನೇ ಪಿಯುಸ್ ಪೋಪರು ಚರ್ಚಿನಲ್ಲಿ ಪಿಯಾನೋ ಬೇಡ, ಡ್ರಮ್ ಬೇಡ ಅಂತ ಬರೆದರು. ಅರವತ್ತು ವರ್ಷ ಕಳೆದು 1963ರಲ್ಲಿ ಎರಡನೇ ವ್ಯಾಟಿಕನ್ ಸಭೆಯವರು ಜನರ ಭಾಷೆಗೂ ಅವರವರ ನಾಡಿನ ಸಂಗೀತಕ್ಕೂ ಜಾಗ ಕೊಡಿ ಅಂದರು. ಲ್ಯಾಟಿನ್ ಹೋಗಿ ಕೊಂಕಣಿ ಬಂತು. ಅದೇ ಕಾಲಕ್ಕೆ ಚರ್ಚಿನ ಹೊರಗೆ ವಿಲ್ಫಿ ರೆಬಿಂಬಸ್ ಪ್ರೇಮದ ಹಾಡು ಹಾಡಿ ಕೊಂಕಣ ಕೋಗಿಲೆ ಆದರು. 1986ರಲ್ಲಿ ಶುರುವಾದ ಕೊಂಕಣಿ ಸಂಸ್ಥೆ ಮಾಂಡ್ ಸೊಭಾಣ್‌ನವರು, ನಮ್ಮ ಹಾಡು ಪೂರ್ತಿ ಪಾಶ್ಚಾತ್ಯ ಆಗಿಹೋಯ್ತು ಅಂತ ಗುಮಟೆಯನ್ನು ವೇದಿಕೆಗೆ ಹತ್ತಿಸಿದರು. ಈಗಿನ ರೋಸ್‌ನಲ್ಲಿ ಡಿಜೆ. ಮೆಹೆಂದಿಗೂ ರೋಸಿಗೂ ಒಬ್ಬನೇ ಡಿಜೆ, ಅದೇ ಲೈಟು, ಅದೇ ಹಾಡು. ಇದು ಬೇರೆ ರೀತಿಯ ಕೋಮು ಸೌಹಾರ್ದ ಅಂತ ನಾನು ನಗುತ್ತೇನೆ.

ಸೌಹಾರ್ದದ ಮಾತು ಬಂದಾಗ ಕೊಲ್ಲೂರು ನೆನಪಾಗದೆ ಇರುತ್ತದಾ? ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿದ ಯೇಸುದಾಸ್ ಎಷ್ಟೋ ವರ್ಷ ತಮ್ಮ ಹುಟ್ಟುಹಬ್ಬ ಜನವರಿ 10ರಂದು ಮೂಕಾಂಬಿಕೆಯ ಎದುರು ಕೂತು ಹಾಡಿದರು. ನಮ್ಮ ಉಡುಪಿ ಜಿಲ್ಲೆಯವರು ಅದನ್ನು ಒಂದು ವಿಶೇಷ ಅಂತಲೂ ಹೇಳುವುದಿಲ್ಲ, ಅಷ್ಟು ಅಭ್ಯಾಸ ಆಗಿಬಿಟ್ಟಿತ್ತು. ಅದೇ 2018ರಲ್ಲಿ ಚೆನ್ನೈಯಲ್ಲಿ ಕರ್ನಾಟಕ ಸಂಗೀತಗಾರರು ಯೇಸುವಿನ ಹಾಡು ಹಾಡುತ್ತಾರೆ ಅಂತ ಕೆಲವರು ಅವರಿಗೆ ಬೆದರಿಕೆ ಹಾಕಿದರು, ಒಂದು ಕಛೇರಿಯೇ ರದ್ದಾಯಿತು. ಗಾಯಕ ಟಿ. ಎಂ. ಕೃಷ್ಣ ಅವರು, ಹಾಗಾದರೆ ತಿಂಗಳಿಗೊಂದು ಯೇಸು ಅಥವಾ ಅಲ್ಲಾನ ಹಾಡು ಬಿಡುಗಡೆ ಮಾಡುತ್ತೇನೆ ಅಂದರು. ಇತ್ತ ದೊಡ್ಡಪ್ಪನಿಗೆ ಗಿಟಾರಿನ ಭಯ, ಅತ್ತ ಬೆದರಿಕೆ ಹಾಕಿದವರಿಗೆ ಯೇಸುವಿನ ಭಯ.

ನನಗೆ ನಿಜವಾಗಿ ಸಿಟ್ಟು ಬರುವುದು ಬೇರೆ ಕಡೆ.

ಹುಡುಗರು ಹಾಡುವ ಎಷ್ಟೋ ಹಾಡು ಸಿಡ್ನಿಯದ್ದು, ಕ್ಯಾಲಿಫೋರ್ನಿಯಾದ್ದು. ಇಂಗ್ಲಿಷಿನಲ್ಲೇ ಹಾಡಿದರೆ ಒಂದು ಲೆಕ್ಕ. ಕನ್ನಡಕ್ಕೆ ತಂದರೆ ನೋಡಬೇಕು. ‘ಕರುಣೆ’ ಅಂತ ಬರೆದಿರುತ್ತಾರೆ, ರಾಗದ ಉದ್ದ ಸ್ವರ ಹೋಗಿ ‘ರು’ ಮೇಲೆ ಕೂರುತ್ತದೆ, ನಾವು ಹಾಡುವುದು ‘ಕರೂಣೆ’. ‘ಪಾಪ’ ಅನ್ನುವುದು ‘ಪಪಾ’ ಆಗುತ್ತದೆ. ಕನ್ನಡದಲ್ಲಿ ದೀರ್ಘ ಹ್ರಸ್ವ ಅಂದರೆ ಅಲಂಕಾರ ಅಲ್ಲ, ಅರ್ಥವೇ ಅದರಲ್ಲಿದೆ. ಆದರೆ ದೊಡ್ಡಪ್ಪ, ಬೇಜಾರು ಮಾಡಬೇಡಿ, ನಿಮ್ಮ ಹಳೇ ಪುಸ್ತಕದಲ್ಲೂ ಇದೇ ರೋಗ. ಜರ್ಮನ್ ರಾಗಕ್ಕೆ ಕನ್ನಡ ಪದವನ್ನು ಸೌದೆ ಸೀಳಿದ ಹಾಗೆ ಸೀಳಿ ಹಾಕಿದ್ದಾರೆ. ನೂರೈವತ್ತು ವರ್ಷ ಹಾಡಿ ಹಾಡಿ ನಮಗೆ ಅದು ಕೇಳಿಸುವುದಿಲ್ಲ ಅಷ್ಟೇ.

ಇದು ಆ ಪಾದ್ರಿಗಳಿಗೂ ಗೊತ್ತಿತ್ತು. ಮೋಗ್ಲಿಂಗ್ 1850ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದ. ಯೇಸುವನ್ನು ಸಾರಲು ಬಂದವನು ಉಡುಪಿ ಕೃಷ್ಣನ ಹಾಡುಗಳನ್ನು ಪ್ರಿಂಟ್ ಮಾಡಿದ! ಕಿಟೆಲ್ 1862ರಲ್ಲಿ ‘ಕಥಾಮಾಲೆ’ ಬರೆದು ಕ್ರಿಸ್ತನ ಕತೆಯನ್ನು ನಮ್ಮ ಛಂದಸ್ಸಿಗೇ ತಂದ. ಮುಂದೆ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ ಅಚ್ಚು ಮಾಡಿಸಿದ. ಅದೇ ಮಿಷನ್ನಿನ ಪ್ರೆಸ್ಸಿನಲ್ಲಿ 1886ರಲ್ಲಿ ತುಳುವಿನ ಕಥನ ಹಾಡುಗಳಾದ ಪಾಡ್ದನಗಳ ಪುಸ್ತಕವೂ ಬಂತು, ಮ್ಯಾನರ್ ಎಂಬ ಪಾದ್ರಿ ಸೇರಿಸಿದ್ದು. ಹಗಲು ಭೂತಾರಾಧನೆ ಸೈತಾನನದ್ದು ಅನ್ನುವುದು, ರಾತ್ರಿ ಭೂತಗಳ ಹಾಡನ್ನು ಬರೆದಿಟ್ಟುಕೊಳ್ಳುವುದು. ಇಷ್ಟೆಲ್ಲ ಕಿವಿ ಇದ್ದವರು ಭಾನುವಾರದ ಹಾಡಿಗೆ ಮಾತ್ರ ತಮ್ಮೂರಿನ ರಾಗವನ್ನೇ ಯಾಕೆ ಗಟ್ಟಿ ಹಿಡಿದರೋ. ನಮ್ಮ ಅಜ್ಜಿಯ ಅಮ್ಮ ಗದ್ದೆಯಲ್ಲಿ ನೇಜಿ ನೆಡುವಾಗ ಪಾಡ್ದನ ಹಾಡುತ್ತಿದ್ದರಂತೆ, ಚರ್ಚಿನಲ್ಲಿ ಮಾತ್ರ ವ್ಯುರ್ಟೆಂಬರ್ಗಿನ ರಾಗ. ಆ ಹೆಂಗಸಿಗೆ ಆರ್ಗನ್ನಿನ ರಾಗ ಎಷ್ಟು ವಿಚಿತ್ರ ಅನಿಸಿರಬೇಕು ಅಂತ ಯೋಚಿಸಿ. ದೊಡ್ಡಪ್ಪನಿಗೆ ಇವತ್ತು ಗಿಟಾರ್ ಅನಿಸುವುದಕ್ಕಿಂತ ಜಾಸ್ತಿ.

ಆ ಫೋನ್ ಆದ ವಾರವೇ ನಾನು ರಜೆಗೆ ಊರಿಗೆ ಹೋದೆ. ಬೇಕಂತಲೇ ದೊಡ್ಡಪ್ಪನ ಬೆಂಚಿನಲ್ಲೇ ಕೂತೆ. ಹುಡುಗರು ಚೆನ್ನಾಗಿಯೇ ಹಾಡಿದರು, ಅದನ್ನು ಹೇಳಲೇಬೇಕು. ಇಲ್ಲಿನ ನಮ್ಮ ಬ್ಯಾಂಡಿಗಿಂತ ಡ್ರಮ್ ಹುಡುಗನಿಗೆ ಲಯ ಚೆನ್ನಾಗಿತ್ತು. ಆದರೆ ನಾನು ವೇದಿಕೆ ನೋಡುವುದು ಬಿಟ್ಟು ಹಿಂದೆ ತಿರುಗಿ ಬೆಂಚುಗಳನ್ನು ನೋಡಿದೆ. ಮುಕ್ಕಾ‌ಲು ಜನರ ಬಾಯಿ ಮುಚ್ಚಿತ್ತು. ನಾಲ್ಕೈದು ಜನ ಮೊಬೈಲ್ ಎತ್ತಿ ವಿಡಿಯೋ ಮಾಡುತ್ತಿದ್ದರು. ಹಾಡು ಮುಗಿದ ಮೇಲೆ ಹಿಂದಿನಿಂದ ಯಾರೋ ಚಪ್ಪಾಳೆ ಹೊಡೆದರು. ಚರ್ಚಿನಲ್ಲಿ ಹಾಡಿಗೆ ಚಪ್ಪಾಳೆ ಬಿತ್ತು ಅಂದರೆ ನಾವು ಪ್ರೇಕ್ಷಕರಾದೆವು ಅಂತಲೇ ಲೆಕ್ಕ.

ಅದೇ ರಾತ್ರಿ ಅದೇ ಹುಡುಗರು ಕ್ಯಾರಲ್‌ಗೆ ನಮ್ಮ ಮನೆಗೆ ಬಂದರು. ಒಂದು ಗಿಟಾರ್, ಒಂದು ತಂಬೂರಿ, ಮೈಕ್ ಇಲ್ಲ, ಕರೆಂಟೂ ಇರಲಿಲ್ಲ. ಜಗಲಿಯಲ್ಲಿ ನಿಂತು ಬೆಳಿಗ್ಗೆ ಹಾಡಿದ ಹಾಡನ್ನೇ ಹಾಡಿದರು. ದೊಡ್ಡಮ್ಮ ಹಾಡಿದರು, ಪಕ್ಕದ ಮನೆಯ ಬಾಯಮ್ಮ ಬೇಲಿಯಾಚೆಯಿಂದ ಹಾಡಿದರು, ಯಾರಿಗೂ ಬಾರದ ಸಾಲಿನಲ್ಲಿ ಎಲ್ಲರೂ ಲಾ ಲಾ ಅಂದರು. ದೊಡ್ಡಪ್ಪ ಕೂಡ ತೊಡೆ ತಟ್ಟುತ್ತಾ ಇದ್ದರು. ನಾನು ನೋಡಿದ್ದು ಅವರಿಗೆ ಗೊತ್ತಾಗಿ ಕೈ ನಿಲ್ಲಿಸಿದರು.

ಹಾಗಾದರೆ ಗಿಟಾರ್ ಏನು ತಪ್ಪು ಮಾಡಿತು? ಜರ್ಮನಿಯಲ್ಲೂ ನಾನು ಇದನ್ನೇ ಕಂಡದ್ದು. ಆರ್ಗನ್ ಇರುವ ಭಾನುವಾರ ಇಪ್ಪತ್ತೈದೇ ಜನ, ಆದರೆ ಗೋಡೆಯ ಹಲಗೆಯಲ್ಲಿ ನಂಬರ್ ನೋಡಿ, ಪುಸ್ತಕ ತೆರೆದು, ಇಪ್ಪತ್ತೈದೂ ಜನ ಗೊಣಗುವ ದನಿಯಲ್ಲಾದರೂ ಹಾಡುತ್ತಾರೆ. ಬ್ಯಾಂಡ್ ಇರುವ ಭಾನುವಾರ ನೂರೈವತ್ತು ಜನ ಬರುತ್ತಾರೆ, ಕಾಫಿಯೂ ಚೆನ್ನಾಗಿರುತ್ತದೆ, ಹಾಡುವವರು ಮಾತ್ರ ಐವತ್ತು. ಆರ್ಗನ್ನಿಗೆ ನಾನು ಜೈ ಅನ್ನುವುದಿಲ್ಲ. ಆರ್ಗನ್ ನುಡಿಸುವವರು ತಮ್ಮ ಮೇಲೆ ತಾವೇ ಖುಷಿಯಾಗಿ ಕೈಬಿಟ್ಟು ನುಡಿಸಿದರೆ ಅದೂ ಸ್ಪೀಕರಿನ ಅಣ್ಣನೇ. ಆದರೆ ಪಾಪ್ ಹಾಡು ಹುಟ್ಟಿದ್ದೇ ಒಬ್ಬರು ಹಾಡಿ ಮಿಕ್ಕವರು ಕೇಳಲಿಕ್ಕೆ. ಗಾಯಕನ ದನಿ ಎಲ್ಲಿ ಮಿಂಚುತ್ತದೋ ಆ ಶ್ರುತಿಯಲ್ಲಿ ರೆಕಾರ್ಡ್ ಮಾಡುತ್ತಾರೆ. ಶುರುವಿನಲ್ಲಿ ಪಿಸುಮಾತು, ಕೊನೆಗೆ ಒಂದು ಸ್ಥಾಯಿ ಮೇಲೆ ಹಾರಿ ಕಿರುಚುವುದು. ಆ ಹುಡುಗ ಇಪ್ಪತ್ತರ ಗಂಟಲಲ್ಲಿ ಹಾರುತ್ತಾನೆ. ಮಂಡಿನೋವಿನ ದೊಡ್ಡಪ್ಪ ಎಲ್ಲಿಗೆ ಹಾರುವುದು?

ಹಾಗಾಗಿ ಮರುದಿನ ಅವರನ್ನು ಕರೆದುಕೊಂಡು ಹುಡುಗರ ಪ್ರಾಕ್ಟೀಸಿಗೆ ಹೋದೆ. ಬೇಡ ಬೇಡ ಅಂದರೂ ಪಂಚೆ ಬದಲಾಯಿಸಿ ಹೊರಟರು. ಹುಡುಗರಿಗೆ ಸ್ವಲ್ಪ ಹೆದರಿಕೆ, ಇವರಿಗೆ ಸ್ವಲ್ಪ ಬಿಗುಮಾನ.

‘ಯಾವ ಶ್ರುತಿಯಲ್ಲಿ ಹಾಡ್ತೀರಿ ಅದನ್ನು?’

‘ಬಿ ಮೇಜರ್, ಅಂಕಲ್.’

ದೊಡ್ಡಪ್ಪನಿಗೆ ಬಿ ಮೇಜರ್ ಗೊತ್ತಿಲ್ಲ. ಅವರ ಲೆಕ್ಕ ಯಕ್ಷಗಾನದ ಭಾಗವತರದ್ದು, ಕಪ್ಪು ಇಷ್ಟು, ಬಿಳಿ ಇಷ್ಟು ಅಂತ. ಕೀಬೋರ್ಡಿನ ಮೇಲೆ ಬೆರಳಿಟ್ಟು ಎಣಿಸಿದರು. ‘ಬಿಳಿ ಏಳಾ? ಅಷ್ಟು ಮೇಲೆ ಯಾರು ಹಾಡ್ತಾರೆ ಮಾರಾಯ, ಕಾಳಿಂಗ ನಾವಡರಾ? ಬಿಳಿ ಐದಕ್ಕೆ ಇಳಿಸಿ.’

ಕೀಬೋರ್ಡ್ ಹುಡುಗನಿಗೆ ಬೆರಳು ಬದಲಾಯಿಸುವ ಅಗತ್ಯವೂ ಇರಲಿಲ್ಲ. ಟ್ರಾನ್ಸ್‌ಪೋಸ್ ಬಟನ್ನನ್ನು ನಾಲ್ಕು ಸಲ ಕೆಳಕ್ಕೆ ಒತ್ತಿದ, ಅಷ್ಟೇ. ಗಿಟಾರಿನವರು ಕಾರ್ಡ್ ಬದಲಿಸಿದರು. ದೊಡ್ಡಪ್ಪ ಆ ಬಟನ್ನನ್ನು ಬಗ್ಗಿ ನೋಡಿ, ‘ಇದು ಇಷ್ಟು ದಿನ ಇಲ್ಲೇ ಇತ್ತಾ?’ ಅಂದರು. ಆಮೇಲೆ ‘ಕರೂಣೆ’ಯ ಜಾಗದಲ್ಲಿ ಅರ್ಧ ಗಂಟೆ ಕೂತರು. ಒಂದು ಪದ ಹಿಂದೆ ಮುಂದೆ ಮಾಡಿದ ಮೇಲೆ ಅದು ಕರುಣೆ ಆಯಿತು. ಹುಡುಗರಿಗೆ ಇಂಥ ಪಾಠ ಯಾರೂ ಹೇಳಿಕೊಟ್ಟಿರಲಿಲ್ಲ, ಅವರು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರು.

ಜನವರಿಯ ಎರಡನೇ ಭಾನುವಾರ, ನಾನು ವಾಪಸ್ ಬಂದಾಗಿತ್ತು, ಬೆಳಿಗ್ಗೆ ಒಂಬತ್ತಕ್ಕೆ ಫೋನು. ಎಲ್ಲರೂ ಹಾಡಿದರಂತೆ. ಹಿಂದಿನ ಬೆಂಚಿನವರೂ ಹಾಡಿದರಂತೆ. ಸ್ಪೀಕರನ್ನು ಬಲಗಡೆಗೆ ಸರಿಸಿದ್ದಾರಂತೆ.

‘ಹಾಗಾದ್ರೆ ಖುಷಿಯಾ?’ ಅಂತ ಕೇಳಿದೆ.

‘ಹಾಡು ಅಡ್ಡಿಯಿಲ್ಲ’ ಅಂದರು. ‘ಆದರೆ ಆ ಡ್ರಮ್ ಮಾತ್ರ ಆಗುದಿಲ್ಲ ನೋಡು.’